ಟ್ರಂಕಿನಲ್ಲಿ ಉಳಿದುಹೋದ ಉಡುಗೊರೆಗಳು



ನಿಮ್ಮ ಮನೆಯ ಕಪಾಟಿನ ಕೆಳಗಿನ ಖಾನೆಯನ್ನೋ ಮಂಚದಡಿಯ ಟ್ರಂಕನ್ನೋ ಒಮ್ಮೆ ತೆರೆದು ನೋಡಿ. ಅಲ್ಲೊಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರೊಳಗೆ ಅರ್ಧ ಹೆಣೆದ ಟೊಪ್ಪಿ, ರಿಂಗಿನಲ್ಲೇ ಬಿಗಿದುಕೊಂಡಿರುವ ದಿಂಬಿನ ಕವರು, ಮೂರು ಹೂ ಮುಗಿದು ನಾಲ್ಕನೆಯದು ಎಲೆಯಲ್ಲೇ ನಿಂತುಹೋದ ಟೇಬಲ್ ಕ್ಲಾತ್, ಕತ್ತರಿಸಿಟ್ಟು ಹೊಲಿಯದೇ ಬಿಟ್ಟ ಮಗುವಿನ ಅಂಗಿ. ಆ ಅಂಗಿ ತೊಡಬೇಕಾಗಿದ್ದ ಮಗು ಈಗ ಎರಡನೇ ತರಗತಿಗೆ ಹೋಗುತ್ತಿರಲೂಬಹುದು! ಪ್ರತಿಯೊಂದನ್ನೂ ನೀವು ಯಾರಿಗೋ ಕೊಡಬೇಕೆಂದು ಆರಂಭಿಸಿದ್ದಿರಿ. ಹೆಚ್ಚಿನವು ಯಾವುದೋ ಹಬ್ಬಕ್ಕೆಂದು. ಆ ಹಬ್ಬ ಬಂತು, ಹೋಯಿತು. ಅಂಗಡಿಯಿಂದ ಏನೋ ತಂದು ಕೊಟ್ಟಿರಿ. ಚೀಲ ಮಾತ್ರ ಟ್ರಂಕಿನಲ್ಲೇ ಉಳಿಯಿತು.

ಇದನ್ನು ಹೆಂಗಸರ ಸೋಮಾರಿತನ ಎನ್ನುವವರಿದ್ದಾರೆ. ನಾನು ಅದನ್ನು ಖಂಡಿತ ಒಪ್ಪುವುದಿಲ್ಲ. ಯಜಮಾನರು ಪತ್ರಿಕೆ ಹಿಡಿದು ಕುಳಿತರೆ 'ಓದುತ್ತಿದ್ದಾರೆ, ತೊಂದರೆ ಕೊಡಬೇಡ' ಎಂದು ನಾವೇ ಮಕ್ಕಳನ್ನು ಗದರುತ್ತೇವೆ. ಅದೇ ಹೆಣ್ಣಿನ ಕೈಯಲ್ಲಿ ಸೂಜಿ ಕಂಡರೆ? ಅವಳು ಬಿಡುವಾಗಿದ್ದಾಳೆ ಎಂದೇ ಮನೆಯವರೆಲ್ಲರ ಲೆಕ್ಕ. 'ಉಮ್ಮಾ, ಚಾ ಆಯಿತಾ?' 'ಉಮ್ಮಾ, ನನ್ನ ಯೂನಿಫಾರ್ಮ್ ಎಲ್ಲಿ?' ಹತ್ತು ಮನೆ ಹೆಣೆಯುವಷ್ಟರಲ್ಲಿ ಮೂರು ಬಾರಿ ಏಳಬೇಕು. ಎದ್ದು ಬಂದು ಕುಳಿತಾಗ ಎಷ್ಟನೇ ಮನೆಯಲ್ಲಿದ್ದೆನೆಂಬುದು ಮರೆತಿರುತ್ತದೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೀಡಿ ಕಟ್ಟುವ ಸಹೋದರಿಯರಿಗೆ ಸಮಯವೆಂದರೆ ಸಾವಿರ ಬೀಡಿಯ ಲೆಕ್ಕ. ಮಗನ ಟೊಪ್ಪಿಗೆ ಕೊಟ್ಟ ಒಂದು ಗಂಟೆ ಎಂದರೆ ಅಷ್ಟು ಬೀಡಿ ಕಡಿಮೆ. ಹಾಗಿರುವಾಗ ಅರ್ಧಕ್ಕೆ ನಿಂತ ಆ ಚೀಲವನ್ನು ನೋಡಿ ನಾಚಿಕೆಪಡಬೇಕಾದವರು ನೀವಲ್ಲ.

ಆದರೆ ಒಂದು ಮಾತು ಯೋಚಿಸಿ ನೋಡಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಮಾನಿ ಟೊಪ್ಪಿಗಳಿಗೆ ಕಸೂತಿ ಹಾಕಿಕೊಡುವ ಮಹಿಳೆಯರಿದ್ದಾರೆ. ಒಮಾನಿನವರು 'ಕುಮ್ಮ' ಎಂದು ಕರೆಯುವ ಟೊಪ್ಪಿ ಅದು. ಬಿಳಿ ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು. ಪ್ರತಿ ತೂತಿನ ಸುತ್ತಲೂ ನೂಲು ಸುತ್ತಿ ಬಿಗಿಯಬೇಕು. ಗಾಳಿಯೂ ಆಡಬೇಕು, ಚಿತ್ತಾರವೂ ಕಾಣಬೇಕು. ಒಂದು ಟೊಪ್ಪಿ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಅದೇ ಮನೆ, ಅದೇ ಮಕ್ಕಳು, ಅದೇ ಚಹಾದ ಕರೆ. ಆದರೂ ಆ ಟೊಪ್ಪಿ ಮುಗಿಯುತ್ತದೆ! ಸಮುದ್ರದಾಚೆಗಿನ ಯಾರೋ ಅಪರಿಚಿತರ ತಲೆಗೆ ಅದು ಸರಿಯಾದ ಸಮಯಕ್ಕೆ ಹೋಗಿ ಮುಟ್ಟುತ್ತದೆ. ಆದರೆ ಅದೇ ಕೈಗಳು ಸ್ವಂತ ಮಗನಿಗೆಂದು ಶುರುಮಾಡಿದ ಟೊಪ್ಪಿ ಟ್ರಂಕಿನಲ್ಲಿ ಮಲಗಿರುತ್ತದೆ. ಯಾಕೆ? ಆ ಟೊಪ್ಪಿಯನ್ನು ಕೇಳಿಕೊಂಡು ಇಂಥ ದಿನ ಬರುತ್ತೇನೆ ಎಂದು ಹೇಳಿದವರೊಬ್ಬರಿದ್ದಾರೆ. ಈ ಟೊಪ್ಪಿಯನ್ನು ಕೇಳುವವರಿಲ್ಲ. ಇದರಲ್ಲಿ ಕೂಲಿಯ ಮಾತೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕೂಲಿಯಷ್ಟೇ ಅಲ್ಲ. ದಿನ ಗೊತ್ತುಮಾಡಿದ ಕೆಲಸ ಮುಗಿಯುತ್ತದೆ, 'ಯಾವಾಗಲಾದರೂ' ಎಂದು ಹೇಳಿಕೊಂಡ ಕೆಲಸ ಮುಗಿಯುವುದಿಲ್ಲ. ನಿಮ್ಮ ಚೀಲದಲ್ಲಿರುವ ಪ್ರತಿಯೊಂದಕ್ಕೂ ಒಂದು ಹೆಸರು ಬೇಕು, ಒಂದು ದಿನ ಬೇಕು. ಸಣ್ಣ ಕಾಗದದ ಚೂರಿನಲ್ಲಿ 'ಇಂಥವರಿಗೆ, ಈ ಪೆರ್ನಾಳಿಗೆ' ಎಂದು ಬರೆದು ಬಟ್ಟೆಗೆ ಪಿನ್ನು ಮಾಡಿಬಿಡಿ. ಹೆಸರು ಹೊಳೆಯದಿದ್ದರೆ ಆ ವಸ್ತುವನ್ನು ನೀವು ಮುಗಿಸುವುದಿಲ್ಲವೆಂದೇ ತಿಳಿಯಿರಿ.

ಕೈಯಾರೆ ಮಾಡಿದ ಉಡುಗೊರೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಸಹೀಹ್ ಬುಖಾರಿಯಲ್ಲಿ ಹ. ಸಹ್ಲ್ ಬಿನ್ ಸಅದ್(ರ) ವರದಿ ಮಾಡಿರುವ ಒಂದು ಘಟನೆ. ಓರ್ವ ಮಹಿಳೆ ಪ್ರವಾದಿವರ್ಯರ(ಸ) ಬಳಿಗೆ ಒಂದು ಹೊದಿಕೆಯನ್ನು ತಂದರು. ಇದನ್ನು ನಾನೇ ನನ್ನ ಕೈಯಾರೆ ನೇಯ್ದಿದ್ದೇನೆ, ತಾವು ಧರಿಸಬೇಕೆಂದು ತಂದಿದ್ದೇನೆ ಎಂದು ಹೇಳಿದರು. ಪ್ರವಾದಿವರ್ಯರಿಗೆ(ಸ) ಆಗ ಬಟ್ಟೆಯ ಅಗತ್ಯವೂ ಇತ್ತು. ಅವರು ಅದನ್ನು ಸ್ವೀಕರಿಸಿ, ಸೊಂಟಕ್ಕೆ ಉಟ್ಟುಕೊಂಡು ಸಹಾಬಿಗಳ ಬಳಿಗೆ ಬಂದರು. ಸಹಾಬಿಗಳಲ್ಲೊಬ್ಬರು ಅದನ್ನು ನೋಡಿ ಮೆಚ್ಚಿ, ನನಗೆ ಕೊಡಿ ಎಂದು ಕೇಳಿಯೇಬಿಟ್ಟರು! ಪ್ರವಾದಿವರ್ಯರು(ಸ) ಕೊಟ್ಟರು. ಉಳಿದವರಿಗೆ ಸಿಟ್ಟು ಬಂತು. ಅವರಿಗೆ ಅಗತ್ಯವಿತ್ತು, ಕೇಳಿದವರಿಗೆ ಇಲ್ಲವೆನ್ನುವ ಸ್ವಭಾವ ಅವರದಲ್ಲ ಎಂದು ಗೊತ್ತಿದ್ದೂ ಕೇಳಿದೆಯಲ್ಲಾ ಎಂದು ಆಕ್ಷೇಪಿಸಿದರು. ತಾನು ಕೇಳಿದ್ದು ಉಡಲಿಕ್ಕಲ್ಲ, ತನ್ನ ಕಫನಿಗಾಗಿ ಎಂದು ಆ ವ್ಯಕ್ತಿ ಉತ್ತರಿಸಿದರು. ಮುಂದೆ ಅದೇ ಅವರ ಕಫನ್ ಆಯಿತು ಎಂದು ಸಹ್ಲ್(ರ) ಹೇಳುತ್ತಾರೆ.

ಈ ಹದೀಸನ್ನು ಸಾಮಾನ್ಯವಾಗಿ ಪ್ರವಾದಿವರ್ಯರ(ಸ) ಔದಾರ್ಯಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಹೊಲಿಗೆ ಗೊತ್ತಿರುವ ಹೆಣ್ಣುಮಗಳು ಇದನ್ನು ಓದಿದರೆ ಆಕೆಯ ಕಣ್ಣು ಬೇರೆ ಕಡೆಗೂ ಹೋಗುತ್ತದೆ. ಆ ಹೊದಿಕೆ ಎಂಥದ್ದೆಂದು ಸಹ್ಲ್(ರ) ಕೇಳುಗರಿಗೆ ವಿವರಿಸುತ್ತಾರೆ: ಅಂಚು ಸಹಿತವಾಗಿ ನೇಯ್ದದ್ದು. ಎಷ್ಟೋ ಕಾಲದ ನಂತರವೂ ಅವರಿಗೆ ಆ ಅಂಚು ನೆನಪಿತ್ತು! ದೊಡ್ಡ ಥಾನಿನಿಂದ ಕತ್ತರಿಸಿದ ತುಂಡಲ್ಲ ಅದು, ಆರಂಭದಿಂದ ಕೊನೆಯವರೆಗೆ ಒಬ್ಬರಿಗಾಗಿಯೇ ಮಾಡಿ ಮುಗಿಸಿದ್ದು. ನೇಯ್ದ ಮಹಿಳೆಯ ಹೆಸರು ಆ ಹದೀಸಿನಲ್ಲಿಲ್ಲ, ಆಕೆಯ ಅಂಚು ಇದೆ. ಆಕೆ ಕೊಟ್ಟದ್ದು ಪಡೆದವರ ಬಳಿ ಉಳಿಯಲಿಲ್ಲ ಎಂಬುದನ್ನೂ ಗಮನಿಸಿ. ನೀವು ತಿಂಗಳುಗಟ್ಟಲೆ ಕುಳಿತು ಮಾಡಿಕೊಟ್ಟ ಚಾದರವನ್ನು ನಾದಿನಿ ತನ್ನ ಮಗಳಿಗೆ ಕೊಟ್ಟಳೆಂದು ಮುನಿಸಿಕೊಳ್ಳುವ ಮೊದಲು ಈ ಘಟನೆಯನ್ನು ನೆನಪಿಸಿಕೊಳ್ಳಬಹುದು.

ಇರಲಿ, ಟ್ರಂಕಿನ ವಿಷಯಕ್ಕೆ ಬರೋಣ. ಚೀಲವನ್ನು ಹೊರಗೆ ತೆಗೆದಾಗ ಮೊದಲು ಕಾಣುವುದು ಕಲೆ. ನಮ್ಮ ಕರಾವಳಿಯ ಮಳೆಗಾಲ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಬಟ್ಟೆಯಲ್ಲೇ ಚುಚ್ಚಿಟ್ಟ ಸೂಜಿ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಕಂದು ಕಲೆ ಬಿಟ್ಟಿರುತ್ತದೆ. ಬಿಳಿ ಹತ್ತಿ ಬಟ್ಟೆಯಾದರೆ ಕಲೆಯ ಮೇಲೆ ಉಪ್ಪು ಹಾಕಿ, ನಿಂಬೆರಸ ಹಿಂಡಿ, ಬಿಸಿಲಿನಲ್ಲಿಟ್ಟು ಆಮೇಲೆ ಚೆನ್ನಾಗಿ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಬ್ಲೀಚಿಂಗ್ ನೀರು ಮಾತ್ರ ಬೇಡ, ತುಕ್ಕಿನ ಕಲೆ ಅದರಿಂದ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬಣ್ಣದ ಬಟ್ಟೆಯಾದರೆ ನಿಂಬೆರಸವನ್ನು ಮೂಲೆಯಲ್ಲಿ ಪರೀಕ್ಷಿಸಿ ನೋಡಿ. ಎಂಬ್ರಾಯಿಡರಿ ರಿಂಗನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟಿದ್ದರೆ ಬಟ್ಟೆಯ ಮೇಲೆ ಅದರ ಗುಂಡು ಗುರುತು ಬಿದ್ದಿರುತ್ತದೆ. ಮುಗಿಸಿದ ಮೇಲೆ ತಣ್ಣೀರಿನಲ್ಲಿ ನೆನೆಸಿ, ಒದ್ದೆಯಿರುವಾಗಲೇ ಹಿಂಭಾಗದಿಂದ ಇಸ್ತ್ರಿ ಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ. ಇನ್ನು ಮುಂದೆ ಕೆಲಸ ನಿಲ್ಲಿಸುವಾಗ ಸೂಜಿಯನ್ನು ತೆಗೆದು ಡಬ್ಬಿಗೆ ಹಾಕಿ, ರಿಂಗನ್ನು ಸಡಿಲಿಸಿ. ಇಷ್ಟು ಮಾಡಿದರೆ ಸಾಕು.

ಎರಡನೆಯ ತೊಂದರೆ ನೂಲಿನದ್ದು. ಕಳೆದ ವರ್ಷದ ಬಿಳಿ ಉಂಡೆಯ ಪಕ್ಕದಲ್ಲಿ ಈ ವರ್ಷ ತಂದ ಬಿಳಿ ಉಂಡೆಯನ್ನಿಟ್ಟು ನೋಡಿ, ಎರಡೂ ಒಂದೇ ಬಿಳಿ ಅಲ್ಲ! ಒಂದೇ ಕಂಪೆನಿಯ ಒಂದೇ ನಂಬರಿನ ನೂಲಾದರೂ ಬಣ್ಣ ಹಾಕಿದ ಲಾಟ್ ಬೇರೆಯಾದರೆ ವ್ಯತ್ಯಾಸ ಬರುತ್ತದೆ. ಅದನ್ನು ಅಡಗಿಸಲು ಹೋಗಬೇಡಿ, ಎಷ್ಟು ಅಡಗಿಸಿದರೂ ಕಣ್ಣಿಗೆ ಬೀಳುತ್ತದೆ. ಬದಲಾಗಿ ಅಲ್ಲಿಂದ ಮುಂದಕ್ಕೆ ಪೂರ್ತಿ ಬೇರೆಯೇ ಬಣ್ಣ ಹಿಡಿಯಿರಿ. ಬಿಳಿ ಟೊಪ್ಪಿಗೆ ತಿಳಿ ಹಸಿರಿನ ಅಂಚು ಬಂದರೆ, ಮೊದಲಿನಿಂದಲೂ ಹಾಗೆಯೇ ಯೋಚಿಸಿದ್ದಿರಿ ಎಂದೇ ನೋಡಿದವರು ತಿಳಿಯುತ್ತಾರೆ. ಕೈಯ ಬಿಗಿತವೂ ವರ್ಷದಲ್ಲಿ ಬದಲಾಗಿರುತ್ತದೆ. ಹಳೆಯ ಭಾಗದಲ್ಲಿ ಒಂದು ಇಂಚಿಗೆ ಎಷ್ಟು ಮನೆ ಇವೆಯೆಂದು ಎಣಿಸಿ, ಬೇರೆ ನೂಲಿನಲ್ಲಿ ಒಂದು ಇಂಚು ಹೆಣೆದು ನೋಡಿ. ಈಗ ಬಿಗಿಯಾಗಿದ್ದರೆ ಸ್ವಲ್ಪ ದಪ್ಪ ಕ್ರೋಶಾ ಕಡ್ಡಿ, ಸಡಿಲಾಗಿದ್ದರೆ ಸಣ್ಣದು. ಹೀಗೆ ಅಳೆದು ನೋಡದೆ ನೇರವಾಗಿ ಮುಂದುವರಿಸಿದ ಟೊಪ್ಪಿ ಮೇಲೆ ಅಗಲವೂ ಕೆಳಗೆ ಇಕ್ಕಟ್ಟೂ ಆಗಿ, ಯಾರ ತಲೆಗೂ ಕೂರದೆ ಮತ್ತೆ ಟ್ರಂಕಿಗೇ ಹೋಗುತ್ತದೆ.

ಮುಗಿಸಬೇಕಾಗಿಲ್ಲದ ವಸ್ತುಗಳೂ ಇರುತ್ತವೆ. ಫ್ಯಾಷನ್ ಹೋಗಿದೆ, ಮಗು ಬೆಳೆದಿದೆ, ಅಥವಾ ಆ ವಿನ್ಯಾಸ ನಿಮಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಅಂಥವನ್ನು ಬಿಚ್ಚಿ ನೂಲು ಉಳಿಸಿ, ಅಥವಾ ಕತ್ತರಿಸಿಟ್ಟ ಅಂಗಿಯನ್ನು ಸಣ್ಣ ಮಗುವಿರುವ ನೆರೆಮನೆಗೆ ದಾಟಿಸಿಬಿಡಿ. ಒಮ್ಮೆ ತರಗತಿಯಲ್ಲಿ ಅನ್ನಹ್ಲ್ ಅಧ್ಯಾಯದ 92ನೇ ವಚನದ ಪಾಠ ನಡೆದಿತ್ತು. ಕೊಟ್ಟ ಮಾತನ್ನು ಮುರಿಯುವವರಿಗೆ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚೂರು ಮಾಡಿದ ಹೆಣ್ಣಿನ ಉಪಮೆಯನ್ನು ಅಲ್ಲಿ ಕೊಡಲಾಗಿದೆ. ಪಾಠ ಮುಗಿದೊಡನೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, 'ಟೀಚರ್, ಹಾಗಾದರೆ ಕ್ರೋಶಾ ಬಿಚ್ಚುವುದು ಪಾಪವೇ?' ಎಂದು ಬಹಳ ಗಾಬರಿಯಿಂದ ಕೇಳಿದಳು. ಹಿಂದಿನ ರಾತ್ರಿ ಅವಳ ಅಕ್ಕ ಸಿಟ್ಟಿನಿಂದ ಇಡೀ ಶಾಲನ್ನು ಬಿಚ್ಚಿಹಾಕಿದ್ದಳಂತೆ! ಪಾಪವಲ್ಲ, ಸಹೋದರಿಯರೇ. ಆ ವಚನ ಇರುವುದು ಕರಾರುಗಳ ಬಗ್ಗೆ, ಶಾಲುಗಳ ಬಗ್ಗೆ ಅಲ್ಲ. ಆದರೆ ಯಾರಿಗಾದರೂ 'ಈ ಹಬ್ಬಕ್ಕೆ ನಿನಗೊಂದು ಮಾಡಿಕೊಡುತ್ತೇನೆ' ಎಂದು ಬಾಯಿಬಿಟ್ಟು ಹೇಳಿದ್ದರೆ, ಅದು ಶಾಲಿನ ವಿಷಯ ಮಾತ್ರವಾಗಿ ಉಳಿಯುವುದಿಲ್ಲ. ಮಕ್ಕಳಿಗೆ ಹೇಳಿದ್ದರಂತೂ ಅವರು ಮರೆಯುವುದೇ ಇಲ್ಲ.

ನಮ್ಮ ರಾಜ್ಯದಲ್ಲೇ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಅವರ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ನಮ್ಮ ಬಯಲುಸೀಮೆಯವರ ಕೌದಿಯ ಹಾಗೆಯೇ. ಆದರೆ ಹೊಲಿಯುವ ಕ್ರಮ ವಿಶೇಷ. ಅಂಚಿನಿಂದ ಶುರುಮಾಡಿ, ತುಂಡಿನ ಮೇಲೆ ತುಂಡು ಇಡುತ್ತಾ, ಸುತ್ತಿ ಸುತ್ತಿ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಮುಸ್ಲಿಮರ ಕವಂದಿಯಲ್ಲಿ ಕೆಲವೊಮ್ಮೆ ಅರ್ಧಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಇರುವುದುಂಟು. ಹೊಲಿಗೆಯೆಲ್ಲ ಆದರೂ ಅವರ ಪ್ರಕಾರ ಅದು ಮುಗಿದಂತಲ್ಲ. ಬಟ್ಟೆಯ ಚೂರನ್ನು ಮಡಿಸಿ ಮಡಿಸಿ ಹೂವಿನಂತೆ ಮಾಡಿ ನಾಲ್ಕು ಮೂಲೆಗಳಿಗೆ ಹೊಲಿಯಬೇಕು. ಅದಕ್ಕೆ 'ಫುಲ' ಎನ್ನುತ್ತಾರೆ. ಫುಲ ಇಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು! ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊದಿಕೆಗಳ ಬಗ್ಗೆ ಬರೆದು ಹೊರದೇಶಗಳಿಗೂ ಪರಿಚಯಿಸಿದ್ದಾರೆ. 2004ರಲ್ಲಿ ಅಲ್ಲಿನ ಮಹಿಳೆಯರ ಸಹಕಾರಿ ಗುಂಪೊಂದು ಆರಂಭವಾಯಿತು. ಆದರೆ ಹೆಚ್ಚಿನ ಕವಂದಿಗಳು ಮಾರಾಟಕ್ಕಾಗಿ ಹುಟ್ಟಿದವಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೊದೆಸಲೆಂದು ಹುಟ್ಟಿದವು.

ಈ ಹೊದಿಕೆಗಳ ಮಾತು ಬಂದದ್ದರಿಂದ ನನಗೆ ಪರಿಚಯದ ಒಂದು ಮನೆಯ ವಿಷಯ ಹೇಳುತ್ತೇನೆ. ಹಾವೇರಿ ಕಡೆಯಿಂದ ಬಂದು ನಮ್ಮ ಊರಿನಲ್ಲಿ ನೆಲೆಸಿದ ಕುಟುಂಬ. ಆ ಮನೆಯ ದಾದಿ ತನ್ನ ಪ್ರತಿ ಮೊಮ್ಮಗುವಿಗೂ ಒಂದೊಂದು ಕೌದಿ ಹೊಲಿದು ಈದ್ ದಿನ ಕೊಡುತ್ತಿದ್ದರು. ವರ್ಷಕ್ಕೆ ಒಂದು. ಏಳು ಮೊಮ್ಮಕ್ಕಳಿಗೆ ಏಳು ಕೌದಿಗಳಾದವು. ಎಂಟನೆಯವಳು ಎಲ್ಲರಿಗಿಂತ ಚಿಕ್ಕವಳು. ಅವಳ ಕೌದಿ ಅರ್ಧವಾಗಿತ್ತು. ದಾದಿಗೆ ಕಣ್ಣು ಮಂಜಾಗುತ್ತಿತ್ತು, ಸೂಜಿಗೆ ದಾರ ಪೋಣಿಸಿಕೊಡಲು ಯಾರನ್ನಾದರೂ ಕರೆಯಬೇಕಾಗಿತ್ತು. 'ಆಮೇಲೆ ಪೋಣಿಸಿಕೊಡುತ್ತೇನೆ ದಾದಿ' ಎಂದು ಹೇಳಿ ಎಲ್ಲರೂ ಅವರವರ ಕೆಲಸಕ್ಕೆ ಓಡುತ್ತಿದ್ದರು. ಆ ವರ್ಷ ರಮಝಾನಿಗೆ ಮುಂಚೆಯೇ ದಾದಿ ತೀರಿಕೊಂಡರು. ಇನ್ನಾ ಲಿಲ್ಲಾಹಿ...

ಅರ್ಧ ಕೌದಿಯನ್ನು ಏನು ಮಾಡುವುದು? ಮನೆಯಲ್ಲಿ ಅದರ ಬಗ್ಗೆ ಮಾತೇ ಆಯಿತು. ಹಾಗೆಯೇ ನೆನಪಿಗೆ ಇಟ್ಟುಕೊಳ್ಳೋಣ ಎಂದರು ಒಬ್ಬರು. ಯಾರಿಗಾದರೂ ಕೂಲಿ ಕೊಟ್ಟು ಮುಗಿಸೋಣ, ಜೋಡಣೆ ಗೊತ್ತಾಗದ ಹಾಗೆ ಮಾಡಿಕೊಡುತ್ತಾರೆ ಎಂದರು ಇನ್ನೊಬ್ಬರು. ಕೊನೆಗೆ ಹುಡುಗಿಯ ಫುಫು, ಅಂದರೆ ದಾದಿಯ ಮಗಳು, ಸೂಜಿ ಹಿಡಿದರು. ಅವರು ಅಂಥ ಹೊಲಿಗೆಗಾರ್ತಿಯೇನೂ ಅಲ್ಲ. ತಾಯಿ ಬಿಳಿ ದಾರದಲ್ಲಿ ಹೊಲಿದಿದ್ದರೆ ಮಗಳು ಬೇಕೆಂದೇ ಕೆಂಪು ದಾರ ತೆಗೆದುಕೊಂಡರು. ತಾಯಿಯ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣ, ಸಾಲು ನೇರ. ಮಗಳದು ದೊಡ್ಡ ಹೊಲಿಗೆ, ಸಾಲು ಅಲ್ಲಲ್ಲಿ ಸೊಟ್ಟ. ಈದ್ ದಿನ ಅದು ಆ ಮಗುವಿನ ಕೈ ಸೇರಿತು. ಅವಳು ಕೌದಿಯ ಮೇಲೆ ಕುಳಿತು ಬಿಳಿ ದಾರ ಎಲ್ಲಿಗೆ ಮುಗಿಯುತ್ತದೆ ಎಂದು ಬೆರಳಿಟ್ಟು ಹುಡುಕುತ್ತಿದ್ದುದನ್ನು ನಾನು ಕಂಡಿದ್ದೇನೆ. ಉಳಿದ ಏಳು ಮಂದಿಗೆ ತಮ್ಮ ಕೌದಿಗಳ ಬಗ್ಗೆ ಅಷ್ಟೊಂದು ತಿಳಿದಿಲ್ಲ. ನಿಮ್ಮ ಮನೆಯಲ್ಲಿ ವಯಸ್ಸಾದವರು ಯಾರಾದರೂ ಅರ್ಧ ಕೆಲಸ ಇಟ್ಟುಕೊಂಡು ಕುಳಿತಿದ್ದರೆ, ದಯವಿಟ್ಟು ಈ ಪುಟವನ್ನು ಮಡಚಿಟ್ಟು ಮೊದಲು ಅವರಿಗೆ ನಾಲ್ಕಾರು ಸೂಜಿಗಳಿಗೆ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಬನ್ನಿ. ಒಂದು ಮುಗಿದರೆ ಇನ್ನೊಂದನ್ನು ಅವರೇ ತೆಗೆದುಕೊಳ್ಳುತ್ತಾರೆ. ಐದು ನಿಮಿಷದ ಕೆಲಸ.

ಇನ್ನು ಯಾರು ಯಾರಿಗೆ ಎಂಬ ಪ್ರಶ್ನೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಹ. ನುಅಮಾನ್ ಬಿನ್ ಬಶೀರ್(ರ)ರ ತಂದೆ ಅವರಿಗೆ ಒಂದು ಉಡುಗೊರೆ ಕೊಟ್ಟಾಗ, ಅವರ ತಾಯಿ ಅಮ್ರ ಬಿಂತ್ ರವಾಹ(ರ), ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಿ ಮಾಡದೆ ತಾನು ಒಪ್ಪುವುದಿಲ್ಲ ಎಂದರು. ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿವರ್ಯರು(ಸ) ಕೇಳಿದರು. ಇಲ್ಲವೆಂಬ ಉತ್ತರ ಬಂದಾಗ ಮಕ್ಕಳ ನಡುವೆ ನ್ಯಾಯ ಪಾಲಿಸಲು ಆದೇಶಿಸಿದರು. ತಂದೆ ಆ ಉಡುಗೊರೆಯನ್ನು ಹಿಂದಕ್ಕೆ ಪಡೆದರು. ಕೈಯಿಂದ ಮಾಡುವ ಉಡುಗೊರೆಯಲ್ಲಿ ಈ ತೊಂದರೆ ಬಹಳ ಬೇಗ ಬರುತ್ತದೆ. ಐದು ಮಕ್ಕಳಿಗೆ ಐದು ಸ್ವೆಟರ್ ಎಂದು ಹೊರಟು, ಹಬ್ಬದ ಹೊತ್ತಿಗೆ ಎರಡು ಮುಗಿದಿರುತ್ತವೆ. ಎರಡನ್ನು ಕೊಟ್ಟರೆ ಮೂರು ಮುಖಗಳು ಬಾಡುತ್ತವೆ. ಕೊಡದಿದ್ದರೆ ಮುಂದಿನ ವರ್ಷಕ್ಕೆ ಅವು ಚಿಕ್ಕವಾಗುತ್ತವೆ. ಮಗಳ ಮಕ್ಕಳಿಗೆ ಮೊದಲು, ಮಗನ ಮಕ್ಕಳಿಗೆ ಆಮೇಲೆ ಎಂದಾದರಂತೂ ಆ ಮಾತು ಸೊಸೆಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಎಲ್ಲರಿಗೂ ಮುಗಿಸಲಾಗುವಷ್ಟು ಸಣ್ಣ ವಸ್ತುವನ್ನೇ ಆರಿಸಿ. ಐದು ಕರವಸ್ತ್ರಗಳ ಮೂಲೆಯಲ್ಲಿ ಐದು ಮಕ್ಕಳ ಹೆಸರಿನ ಮೊದಲ ಅಕ್ಷರ ಕಸೂತಿ ಮಾಡಲು ಐದು ಸಂಜೆ ಸಾಕು. ಸ್ವೆಟರಿನ ಕನಸು ಒಬ್ಬಳೇ ಮಗಳಿರುವವರಿಗೆ ಇರಲಿ!

ಸಣ್ಣದು ಎಂದು ಸಂಕೋಚಪಡಬೇಡಿ. ನೆರೆಮನೆಯಾಕೆ ಕೊಟ್ಟದ್ದು ಆಡಿನ ಗೊರಸೇ ಆದರೂ ಅದನ್ನು ಕೀಳಾಗಿ ಕಾಣಬಾರದೆಂದು ಮಹಿಳೆಯರನ್ನೇ ಸಂಬೋಧಿಸಿ ಪ್ರವಾದಿವರ್ಯರು(ಸ) ಉಪದೇಶಿಸಿದ್ದಾರೆ. ಕೊಡುವವಳಿಗೂ ಪಡೆಯುವವಳಿಗೂ ಅದು ಅನ್ವಯಿಸುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಉಡುಗೊರೆಯೆಂದರೆ ಬಹುಕಾಲ ಗಲ್ಫಿನಿಂದ ಬಂದ ಸೂಟ್‌ಕೇಸ್ ಎಂದೇ ಅರ್ಥವಾಗಿತ್ತು. ಕಂಬಳಿ, ಅತ್ತರು, ಟಾರ್ಚು, ಚಾಕೊಲೇಟು... ಎಲ್ಲವೂ ಅಲ್ಲಿಂದ ಇಲ್ಲಿಗೆ. ಇಲ್ಲಿಂದ ಅಲ್ಲಿಗೆ ಹೋದದ್ದು ಉಪ್ಪಿನಕಾಯಿ, ಹಪ್ಪಳ. ದೂರದಲ್ಲಿ ಒಬ್ಬಂಟಿಯಾಗಿ ಹಬ್ಬ ಕಳೆಯುವ ಮಗನಿಗೋ ಗಂಡನಿಗೋ ಊರಿಗೆ ಬಂದು ಹೋಗುವವರ ಕೈಯಲ್ಲಿ ಒಂದು ಟೊಪ್ಪಿ ಕಳಿಸಿ ನೋಡಿ. ಹಪ್ಪಳದ ಹಾಗೆ ಪುಡಿಯಾಗುವುದಿಲ್ಲ, ಲಗೇಜಿನಲ್ಲಿ ತೂಕವೂ ಇಲ್ಲ. ತೆಗೆದುಕೊಂಡು ಹೋಗುವವರು ಮುಖ ಸಿಂಡರಿಸುವುದೂ ಇಲ್ಲ.

ಹೊಸದಾಗಿ ಟೊಪ್ಪಿ ಶುರುಮಾಡುವವರಿಗೆ ಒಂದು ಅಳತೆ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಟೊಪ್ಪಿಗಳು ನಿಂತುಹೋಗುವುದು ಅಳತೆ ತಪ್ಪಿದಾಗಲೇ. ಹಣೆಯಿಂದ ಕಿವಿಗಳ ಮೇಲಾಗಿ ಹಿಂದಲೆಯ ಉಬ್ಬಿನ ಸುತ್ತ ಟೇಪು ಹಿಡಿಯಿರಿ. 21 ಇಂಚು ಬಂತೆನ್ನಿ. ನೆತ್ತಿಯ ಚಪ್ಪಟೆ ಚಕ್ರದ ಅಗಲ ಇದರ ಮೂರನೇ ಒಂದು ಭಾಗಕ್ಕಿಂತ ಚೂರು ಕಡಿಮೆ, ಅಂದರೆ ಆರೂವರೆ ಇಂಚಿನ ಆಸುಪಾಸು ಇರಬೇಕು. ನಡುವಿನ ಆರು ಚೈನಿನ ಉಂಗುರದಿಂದ ಆರಂಭಿಸಿ, ಸುತ್ತಿನಿಂದ ಸುತ್ತಿಗೆ ಮನೆ ಹೆಚ್ಚಿಸುತ್ತಾ ಚಕ್ರ ಅಷ್ಟು ಅಗಲವಾಗುವವರೆಗೆ ಬನ್ನಿ. ಆಮೇಲೆ ಮನೆ ಹೆಚ್ಚಿಸುವುದನ್ನು ಪೂರ್ತಿ ನಿಲ್ಲಿಸಿ ಹಾಗೆಯೇ ಸುತ್ತುತ್ತಾ ಹೋದರೆ ಅಂಚು ತಾನಾಗಿ ಕೆಳಗೆ ತಿರುಗುತ್ತದೆ. ಚಕ್ರ ಹೆಣೆಯುವಾಗ ಅಂಚು ಅಲೆ ಅಲೆಯಾಗಿ ಎದ್ದರೆ ಮನೆ ಹೆಚ್ಚಾಗಿದೆ, ಬಟ್ಟಲಿನಂತೆ ಮಡಚಿದರೆ ಕಡಿಮೆಯಾಗಿದೆ. ಎರಡು ಸುತ್ತು ಬಿಚ್ಚಿ ಸರಿಮಾಡಿ. ಹತ್ತು ಸುತ್ತಾದ ಮೇಲೆ ಬಿಚ್ಚಬೇಕಾಗಿ ಬಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಉಮ್ಮನಿಗೋ ಅತ್ತೆಗೋ ನಮಾಝಿನ ಉಡುಪು ಹೊಲಿಯುವುದಾದರೆ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸಿಕೊಳ್ಳಿ. ಹೊಲಿದ ಮೇಲೆ ಅದು ಮೊದಲ ಒಗೆತಕ್ಕೆ ಕುಗ್ಗಿ, ಉದ್ದ ಸಾಲದೆ, ಅವರು ನಿಮ್ಮ ಮನಸ್ಸು ನೋಯಿಸಬಾರದೆಂದು ಮಡಚಿಟ್ಟುಬಿಡುತ್ತಾರೆ. ಧಾರವಾಡ ಕಡೆಯ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳು ಹಿಂದೆಯೂ ಮುಂದೆಯೂ ಒಂದೇ ರೀತಿ ಕಾಣುತ್ತವೆ. ಅಷ್ಟು ನಿಮಗೆ ಸಾಧ್ಯವಾಗದಿರಬಹುದು. ಆದರೆ ದಾರದ ತುದಿಗಳನ್ನಾದರೂ ಹಿಂಭಾಗದಲ್ಲಿ ಸೇರಿಸಿ ಹೊಲಿಯಿರಿ. ಗಂಟುಗಳು ಹಣೆಗೆ ಚುಚ್ಚುವ ಟೊಪ್ಪಿಯನ್ನು ಯಾವ ಮಗುವೂ ಎರಡನೇ ಸಲ ಹಾಕಿಕೊಳ್ಳುವುದಿಲ್ಲ.

ಸಮಯ ಎಲ್ಲಿದೆ ಎಂದು ಕೇಳುತ್ತೀರಿ. ರಜಬ್ ಮತ್ತು ಶಅಬಾನ್ ಸೇರಿದರೆ ಹೆಚ್ಚುಕಡಿಮೆ 59 ದಿನಗಳು. ದಿನಕ್ಕೆ ಅರ್ಧ ಗಂಟೆ ಎಂದರೂ ಇಪ್ಪತ್ತೊಂಬತ್ತೂವರೆ ಗಂಟೆಗಳಾಗುತ್ತವೆ. ಆ ಅರ್ಧ ಗಂಟೆಯನ್ನು ಮನೆಯವರಿಗೆ ಹೇಳಿಯೇ ತೆಗೆದುಕೊಳ್ಳಿ. ಅಸರ್ ನಮಾಝಿನ ಬಳಿಕ ಅರ್ಧ ಗಂಟೆ ಉಮ್ಮ ಹೊಲಿಗೆಗೆ ಕುಳಿತಿರುತ್ತಾರೆ, ಚಹಾ ಫ್ಲಾಸ್ಕಿನಲ್ಲಿದೆ ಎಂದು ನಾಲ್ಕು ದಿನ ಹೇಳಿದರೆ ಐದನೇ ದಿನ ಮಕ್ಕಳಿಗೆ ಅಭ್ಯಾಸವಾಗುತ್ತದೆ. ಗಂಡಸರಿಗೆ ಹತ್ತು ದಿನ ಹಿಡಿಯಬಹುದು. ಆದರೆ ರಮಝಾನಿನ ಚಂದ್ರದರ್ಶನವಾದ ರಾತ್ರಿಗೆ ಕೆಲಸ ಮುಗಿದಿರಲಿ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಈ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಕೊನೆಯ ಹತ್ತು ರಾತ್ರಿಗಳಲ್ಲಿ ಸಹರಿಯವರೆಗೂ ಹೊಲಿಗೆ ಮೆಷಿನಿನ ಸದ್ದು ಕೇಳುವ ಮನೆಗಳಿವೆ. ಹೊಟ್ಟೆಪಾಡಿಗಾಗಿ ಹೊಲಿಯುವ ಸಹೋದರಿಯರ ಮಾತು ಬೇರೆ, ಅವರ ದುಡಿಮೆಯ ಕಾಲವೇ ಅದು, ಅಲ್ಲಾಹನು ಅವರ ದುಡಿಮೆಯಲ್ಲಿ ಬರಕತ್ ನೀಡಲಿ. ಪ್ರವಾದಿವರ್ಯರ(ಸ) ಪತ್ನಿ ಹ. ಝೈನಬ್ ಬಿಂತ್ ಜಹಶ್(ರ) ಸ್ವತಃ ಕೈಕೆಲಸ ಮಾಡಿ, ಅದರಿಂದ ಬಂದದ್ದನ್ನು ದಾನ ಮಾಡುತ್ತಿದ್ದವರು. ದುಡಿಯುವ ಕೈಯ ಗೌರವ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಮನೆಯವರಿಗೆ ಕೊಡುವ ಟೇಬಲ್ ಕ್ಲಾತಿಗಾಗಿ ಆ ರಾತ್ರಿಗಳನ್ನು ಕಳೆದುಕೊಳ್ಳಬೇಡಿ. ಈದುಲ್ ಫಿತ್ರ್‌ಗೆ ಮುಗಿಯದಿದ್ದರೆ ಬಕ್ರೀದಿಗೆ ಕೊಡಿ. ಕಾಗದದ ಚೂರಿನಲ್ಲಿ ಬರೆದ ಹೆಸರನ್ನು ಬದಲಾಯಿಸಬೇಡಿ, ಹಬ್ಬವನ್ನು ಬದಲಾಯಿಸಿ.

ಮಕ್ಕಳನ್ನೂ ಸೇರಿಸಿಕೊಳ್ಳಿ. ಹಿಂದೆ ಸ್ಟೇಷನರಿ ಅಂಗಡಿಗಳಲ್ಲಿ ಈದ್ ಕಾರ್ಡುಗಳ ಸಾಲೇ ಇರುತ್ತಿತ್ತು. ಈಗ ಅದೇ ಚಿತ್ರ ನೂರು ಮಂದಿಯ ಮೊಬೈಲಿಗೆ ಒಂದೇ ಬೆರಳಿನಿಂದ ಹೋಗುತ್ತದೆ, ನೋಡುವ ಮೊದಲೇ ಅಳಿಸಲ್ಪಡುತ್ತದೆ. ಡ್ರಾಯಿಂಗ್ ಶೀಟನ್ನು ಎರಡಾಗಿ ಮಡಚಿ ಮಗು ಬರೆದ ಮಸೀದಿಯ ಚಿತ್ರ ಮಿನಾರ ಸೊಟ್ಟಗಿದ್ದರೂ ಅಜ್ಜನ ಕನ್ನಡಕದ ಡಬ್ಬಿಯಲ್ಲಿ ವರ್ಷವಿಡೀ ಇರುತ್ತದೆ. ಸ್ವಲ್ಪ ದೊಡ್ಡ ಮಕ್ಕಳಾದರೆ ತಸ್ಬೀಹ್ ಪೋಣಿಸಲಿ. ಮರದ ಮಣಿಗಳು, ದಪ್ಪ ನೈಲಾನ್ ದಾರ. 99 ಮಣಿಗಳ ಉದ್ದದ ತಸ್ಬೀಹ್ ಮಾಡಿದರೆ 33ಕ್ಕೊಮ್ಮೆ ಬೇರೆ ಆಕಾರದ ಮಣಿ ಬೇಕು. ಎಣಿಕೆ ತಪ್ಪಿ ಮಕ್ಕಳು ಬೇಸತ್ತು ಬಿಟ್ಟುಬಿಡುತ್ತಾರೆ. ಆದ್ದರಿಂದ 33ರದ್ದೇ ಸಾಕು. ಪೋಣಿಸಿ ಮುಗಿಸಿದ ಮೇಲೆ ಎರಡೂ ತುದಿಗಳನ್ನು ಉದ್ದನೆಯ ಮಣಿಯೊಂದರಲ್ಲಿ ಒಟ್ಟಿಗೆ ತೂರಿಸಿ, ಗಂಟನ್ನು ನೀವೇ ಬಿಗಿಯಾಗಿ ಹಾಕಿಕೊಡಿ. ಮಕ್ಕಳು ಹಾಕಿದ ಗಂಟು ಅಜ್ಜಿಯ ಕೈಯಲ್ಲಿ ಎಣಿಕೆಯ ನಡುವೆಯೇ ಬಿಚ್ಚಿಕೊಂಡೀತು. ಮತ್ತೆ ಅಂಗಡಿಯಲ್ಲಿ 33 ಮಣಿಗಳನ್ನು ಎಣಿಸಿ ತರಬೇಡಿ, ನಲ್ವತ್ತು ತನ್ನಿ. ಏಳು ಮಣಿಗಳು ಮಂಚದಡಿಗೆ ಉರುಳುವುದು ಖಂಡಿತ.